ಬೆಲ್ಲು ಹೊಡೆದರೂ ಒಳಗೆ ಹೋಗದ ಎಮ್ಮೆಲ್ಲೆ

ಅವರೆಕಾಳು ಇಳಿದ ಊರು

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಪಕ್ಕದ ನಮ್ಮೂರಿಗೆ ವಿಮಾನವೇನೂ ಹೊಸದಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ತಲೆಯೆತ್ತಿದರೆ ಅದರ ಹೊಟ್ಟೆ ಕಾಣುತ್ತದೆ. ಬಾಲದ ಬಣ್ಣ ನೋಡಿ ಯಾವ ಕಂಪನಿಯದು ಎಂದು ಹೇಳುವಷ್ಟು ಅಭ್ಯಾಸ ನಮ್ಮ ಕಡೆಯ ದನ ಕಾಯುವವರಿಗೂ ಆಗಿದೆ. ಹಾಗಿದ್ದೂ ನಾನು ಅದರೊಳಗೆ ಕಾಲಿಟ್ಟದ್ದು ಐವತ್ತೈದು ದಾಟಿದ ಮೇಲೆ, ಅದೂ ತಂಗಿ ಗಿರಿಜಳ ಕಾಟ ತಡೆಯಲಾರದೆ. ಅವಳು ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋಗಿ ಎಷ್ಟೋ ವರ್ಷವಾಯಿತು. ಗಂಡ ಅಲ್ಲಿ ಬಸ್ ಓಡಿಸುತ್ತಾನೆ. ಪ್ರತಿ ಯುಗಾದಿಗೂ ಫೋನಿನಲ್ಲಿ ಅವಳದು ಒಂದೇ ಮಾತು: "ಅಣ್ಣ, ನಿನ್ನ ತಲೆ ಮೇಲೆ ಹಾರೋ ವಿಮಾನಾನೇ ಈ ಕಡೆಗೂ ಬರೋದು. ಒಂದ್ಸಲ ಹತ್ತಿ ಕೂತ್ಕೋಬಾರದಾ?"

ನನ್ನ ಹೆಂಡತಿ ಹಸು ಬಿಟ್ಟು ಬರಲು ಒಪ್ಪಲಿಲ್ಲ. ತನ್ನ ಬದಲಿಗೆ ಒಂದು ಡಬ್ಬಿ ಕೋಡುಬಳೆ, ಒಂದು ಗಂಟು ಅವರೆಕಾಳು ಕಳಿಸಿದಳು. ಗಿರಿಜಳಿಗೆ ಹಿತಕಿದ ಅವರೆಯ ಸಾರೆಂದರೆ ಪ್ರಾಣ. ಆ ದೇಶದಲ್ಲಿ ಕಾಳು, ಬೀಜ ಒಳಗೆ ಬಿಡುವುದಿಲ್ಲ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸು ಗಂಟು ಬಿಚ್ಚಿ, ನಾಲ್ಕು ಕಾಳು ಅಂಗೈಯಲ್ಲಿ ಹೊರಳಿಸಿ, ಇದನ್ನು ಹೇಗೆ ಬೇಯಿಸುತ್ತೀರಿ ಎಂದು ನಿಜವಾದ ಆಸೆಯಿಂದ ಕೇಳಿದಳು. ನೆನೆಹಾಕುವುದು, ಹಿತಕುವುದು, ಸಿಪ್ಪೆ ಹಾರಿಸುವುದು, ಎಲ್ಲವನ್ನೂ ಕೈಯಲ್ಲೇ ಮಾಡಿ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು, ಕ್ಷಮಿಸಿ ಎಂದು ಹೇಳಿ, ಗಂಟನ್ನು ಕಸದ ಡಬ್ಬಕ್ಕೆ ಹಾಕಿದಳು. ಕೋಡುಬಳೆ ಎಣ್ಣೆಯಲ್ಲಿ ಕರಿದದ್ದು, ಇನ್ನು ಮೊಳೆಯುವ ಭಯವಿಲ್ಲ ಎಂದು ಬಿಟ್ಟಳು. ನಮ್ಮಲ್ಲಿ ಸಾಮಾನು ಕಿತ್ತುಕೊಳ್ಳುವವರು ಜೊತೆಗೆ ಎರಡು ಬೈದೂ ಕಳಿಸುತ್ತಾರೆ, ನಮಗೂ ಬೈದುಕೊಳ್ಳಲು ಅನುಕೂಲವಾಗುತ್ತದೆ. ಇವಳು ಅದಕ್ಕೂ ಅವಕಾಶ ಕೊಡಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಆ ದೇಶದ ಒಂದು ರಾಜ್ಯದ ರಾಜಧಾನಿ ಎಂದುಕೊಳ್ಳಿ. ಗಿರಿಜಾ ಈಗಲೂ ಅಲ್ಲೇ ಕೆಲಸದಲ್ಲಿದ್ದಾಳೆ, ಅಣ್ಣನ ಬರವಣಿಗೆಯಿಂದ ಅವಳಿಗೆ ತೊಂದರೆಯಾಗಬಾರದು.

ಗಾಲಿ ಹೂತ ಮನೆಗಳು

ಗಿರಿಜಳ ಕೆಲಸ ಒಬ್ಬ ಶಾಸಕಿಯ ಕಚೇರಿಯಲ್ಲಿ. ಶಾಸಕಿಯ ಹೆಸರು ಹೆಲೆನ್. ಕಚೇರಿ ಇರುವುದು ಪೇಟೆಯ ಸಾಲಿನಲ್ಲಿ, ಕ್ಷೌರದಂಗಡಿಗೂ ಬೇಕರಿಗೂ ನಡುವೆ. ನಮ್ಮ ಕಡೆ ಎಮ್ಮೆಲ್ಲೆ ಮನೆ ಎಂದರೆ ಬೆಳಗಾಗುವ ಮುಂಚೆಯೇ ಗೇಟಿನ ಮುಂದೆ ಜನ: ಕೈಯಲ್ಲಿ ಹಾರ ಹಿಡಿದವರು, ಮದುವೆ ಕಾರ್ಡು ಹಿಡಿದವರು, ವರ್ಗಾವಣೆಗೆ ಬಂದವರು, ಸುಮ್ಮನೆ ಮುಖ ತೋರಿಸಲು ಬಂದವರು. ಇಲ್ಲಿ ಹೆಲೆನ್ ತಾವೇ ಎದ್ದು ಬಂದು ಬಾಗಿಲು ತೆಗೆದರು. ಒಳಗೆ ಒಬ್ಬ ಮುದುಕ ಮಾತ್ರ ಕೂತಿದ್ದ. ಅವನ ಬೀದಿಯ ಮರದ ಕೊಂಬೆ ಕಡಿಸಬೇಕಾಗಿತ್ತಂತೆ.

ನನಗೂ ಶಾಸಕರಿಗೂ ಒಂದು ನಂಟಿದೆ ಎಂದು ಇಲ್ಲಿ ಹೇಳಿಬಿಡಬೇಕು. ದೇವನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಎಲ್ಲೋ ಒಂದು ಸರ್ಕಾರ ಅಲ್ಲಾಡತೊಡಗಿತೆಂದರೆ ನಮ್ಮ ಗೇಟಿಗೆ ಐಷಾರಾಮಿ ಬಸ್ಸುಗಳು ಬರುತ್ತವೆ. ಒಳಗಿನಿಂದ ಶಾಸಕರು ಇಳಿಯುತ್ತಾರೆ, ಗೇಟು ಮುಚ್ಚುತ್ತದೆ. ಆಚೆ ಪಕ್ಷದವರು ಹಾರಿಸಿಕೊಂಡು ಹೋಗದ ಹಾಗೆ ಅವರನ್ನು ಓಟಿನ ದಿನದವರೆಗೂ ಜೋಪಾನ ಮಾಡಬೇಕು. ಆ ದಿನಗಳಲ್ಲಿ ನನಗೊಂದು ವಿಶೇಷ ಕೆಲಸ. ಗೇಟಿನ ಹತ್ತಿರದ ಲಾನಿನಲ್ಲಿ ಟವೆಲ್ಲು ಮಡಿಸುವವನ ಹಾಗೆ ಕೂರುವುದು. ವಾಕಿಂಗ್ ನೆಪದಲ್ಲಿ ಯಾರಾದರೂ ಆ ಕಡೆ ಬಂದರೆ ಮಾತಿಗೆಳೆದು ವಾಪಸು ಕರೆದುಕೊಂಡು ಹೋಗುವುದು. ಇದರಲ್ಲಿ ನಾನು ಪಳಗಿದವನು. ವಿಧಾನಸಭೆಯ ಬಗ್ಗೆ ನನ್ನ ಓದೆಲ್ಲ ಆ ಲಾನಿನಲ್ಲೇ ಆದದ್ದು. ನಮ್ಮ ರಾಜ್ಯದಲ್ಲಿ ಒಟ್ಟು ಇನ್ನೂರ ಇಪ್ಪತ್ತನಾಲ್ಕು ಸೀಟು, ಅದರಲ್ಲಿ ನಮ್ಮ ಜಿಲ್ಲೆಯವು ನಾಲ್ಕು, ಅರ್ಧದ ಮೇಲೆ ಒಂದಿದ್ದರೆ ಸರ್ಕಾರ. ಆ ಒಂದು ಗೇಟು ದಾಟದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ದೇಶಸೇವೆ.

ಕಚೇರಿಯಿಂದ ಗಿರಿಜಾ ನನ್ನನ್ನು ಊರಂಚಿನ ಒಂದು ಬಡಾವಣೆಗೆ ಕರೆದುಕೊಂಡು ಹೋದಳು. ಅಲ್ಲಿಯ ಮನೆಗಳೆಲ್ಲ ಒಂದು ಕಾಲದಲ್ಲಿ ಗಾಲಿಗಳ ಮೇಲೆ ಉರುಳಿಕೊಂಡು ಬಂದವು. ಈಗ ಗಾಲಿಗಳು ಮಣ್ಣಿನಲ್ಲಿ ಹೂತುಹೋಗಿ, ಅವುಗಳ ಮೇಲೆ ಗುಲಾಬಿ ಬಳ್ಳಿ ಹಬ್ಬಿದೆ. ಮನೆ ಅಲ್ಲಿ ವಾಸಿಸುವವರದು, ಅಡಿಯ ನೆಲ ಮಾತ್ರ ಇನ್ನೊಬ್ಬನದು, ಅದಕ್ಕೆ ಬಾಡಿಗೆ ಕಟ್ಟಬೇಕು. ಅಂಥದೊಂದು ಮನೆಯಲ್ಲಿ ಜೋನ್ ಎಂಬ ಅಜ್ಜಿ ಒಬ್ಬರೇ ಇದ್ದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಊರುಗೋಲು, ಬಾಯಿ ಮಾತ್ರ ಭಾರಿ ಚುರುಕು. ನನ್ನನ್ನು ಕಂಡವರೇ ಮೊದಲು ಕೇಳಿದ್ದು ಊಟವಾಯಿತೇ ಎಂದು. ನಮ್ಮ ದೊಡ್ಡಮ್ಮನನ್ನು ನೋಡಿದ ಹಾಗಾಯಿತು. ಆಮೇಲೆ ಕುದಿಯುವ ಚಹಾಕ್ಕೆ ತಣ್ಣನೆಯ ಹಾಲು ಸುರಿದು ಕೊಟ್ಟರು, ದೊಡ್ಡಮ್ಮ ಮಾಯವಾದಳು.

ನೆಲದ ಯಜಮಾನ ಜಾಗವನ್ನು ಮಾರಲು ಹೊರಟಿದ್ದ. ಅಲ್ಲಿಯ ಹಳೆಯ ಕಾನೂನಿನ ಪ್ರಕಾರ ಸ್ವಲ್ಪವೇ ದಿನದ ನೋಟಿಸು ಕೊಟ್ಟು ಎಲ್ಲರನ್ನೂ ಎಬ್ಬಿಸಬಹುದಿತ್ತು. ಹೆಸರಿಗೆ ಗಾಲಿಯ ಮನೆ, ಎತ್ತಿದರೆ ಮುರಿದು ಕೈಗೆ ಬರುತ್ತದೆ. ಹೆಲೆನ್ ಒಂದು ಮಸೂದೆ ತಂದಿದ್ದರು: ನೋಟಿಸು ದೀರ್ಘವಾಗಿರಬೇಕು, ಎಬ್ಬಿಸುವವನು ಮನೆಯ ಬೆಲೆಯನ್ನೋ ಸಾಗಿಸುವ ಖರ್ಚನ್ನೋ ಕೊಡಬೇಕು. ಗಿರಿಜಾ ಇದರ ಹಿಂದೆ ವರ್ಷಗಟ್ಟಲೆ ಓಡಾಡಿದ್ದಳು. ಕೆಳಮನೆಯಲ್ಲಿ ಅದರ ಮೇಲೆ ಓಟು ಆ ಗುರುವಾರವೇ ಇತ್ತು. ಮೆಟ್ಟಿಲನ್ನೂ ಮುಂದಿನ ಪುಟ್ಟ ಜಗಲಿಯನ್ನೂ ತೀರಿಕೊಂಡ ಗಂಡ ಕಟ್ಟಿದ್ದು ಎಂದು ಜೋನ್ ತೋರಿಸಿದರು. ಜಗಲಿಯ ಹಲಗೆಯ ಮೇಲೆ ಕೈಯಾಡಿಸುತ್ತ, ಎಲ್ಲಿಗೆ ಹೋಗಲಿ ಎನ್ನುವುದು ತಮ್ಮ ಚಿಂತೆಯಲ್ಲ, ಇದನ್ನು ಹೇಗೆ ತೆಗೆದುಕೊಂಡು ಹೋಗಲಿ ಎನ್ನುವುದು ಎಂದರು. ನೆಲ ಕೈಬಿಟ್ಟ ಮೇಲೆ ಮನುಷ್ಯರ ಮುಖ ಹೇಗಾಗುತ್ತದೆ ಎಂದು, ವಿಮಾನ ನಿಲ್ದಾಣಕ್ಕೆ ಹೊಲಗಳು ಹೋದದ್ದನ್ನು ಕಂಡ ದೇವನಹಳ್ಳಿಯವನಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನನಗೆ ತುಂಬಾ ಸಂಕಟವಾಯಿತು.

ಹಸಿರು ಕುರ್ಚಿಗಳ ಸಭೆ

ಗುರುವಾರ ಗಿರಿಜಾ, ಜೋನ್, ನಾನು ಮೂವರೂ ಸಭೆಗೆ ಹೋದೆವು. ಕೈಚೀಲವನ್ನು ಬಾಗಿಲಲ್ಲೇ ಇಟ್ಟು ಮೇಲಿನ ಗ್ಯಾಲರಿಗೆ ಹತ್ತಬೇಕು. ಕೆಳಮನೆಯ ಕುರ್ಚಿ, ನೆಲಹಾಸು ಎಲ್ಲ ಹಸಿರು. ಮೇಲ್ಮನೆಯಲ್ಲಿ ಎಲ್ಲ ಕೆಂಪಂತೆ. ದಾರಿ ತಪ್ಪಿ ಬೇರೆ ಮನೆಗೆ ಹೋದ ಶಾಸಕನಿಗೆ ಕಾಲ ಕೆಳಗೆ ನೋಡಿದರೇ ಗೊತ್ತಾಗಿಬಿಡುತ್ತದೆ, ಒಳ್ಳೆಯ ಏರ್ಪಾಡು ಅಂದುಕೊಂಡೆ.

ನಡುವೆ ಎತ್ತರದ ಪೀಠದಲ್ಲಿ ಸ್ಪೀಕರು. ಅವರ ಬಲಕ್ಕೆ ಸರ್ಕಾರದವರು, ಎಡಕ್ಕೆ ವಿರೋಧಿಗಳು, ಬೀಗರು ಬೀಗರು ಊಟಕ್ಕೆ ಕೂತ ಹಾಗೆ ಎದುರುಬದುರಾಗಿ. ಪೀಠದ ಕೆಳಗೆ ಉದ್ದನೆಯ ಮೇಜು, ಅಲ್ಲಿ ಕಾರ್ಯದರ್ಶಿಗಳು. ಮೇಜಿನ ಮೇಲೆ ಚಿನ್ನದ ನೀರು ಕುಡಿಸಿದ ಒಂದು ದಪ್ಪ ದಂಡ. ಕಪ್ಪು ಕೋಟಿನ ಅಧಿಕಾರಿಯೊಬ್ಬರು ಅದನ್ನು ಹೆಗಲ ಮೇಲಿಟ್ಟು ತಂದು ಅಲ್ಲಿ ಮಲಗಿಸಿದ ಮೇಲೆಯೇ ಸಭೆ ಸಭೆಯಾಗುವುದು. ಹೊರಗೆ ಹೋಗುವ ಶಾಸಕರು ಬಾಗಿಲ ಬಳಿ ತಿರುಗಿ ಪೀಠಕ್ಕೆ ತಲೆಬಾಗಿ ಹೋಗುತ್ತಿದ್ದರು. ನಮ್ಮಜ್ಜಿ ಗುಡಿಯಿಂದ ಹೊರಡುವಾಗ ದೇವರಿಗೆ ಬೆನ್ನು ತೋರಿಸುತ್ತಿರಲಿಲ್ಲ, ಅದು ನೆನಪಾಯಿತು.

ಇಷ್ಟೆಲ್ಲ ಮಡಿಯ ನಡುವೆ ಪ್ರಶ್ನೋತ್ತರದ ಹೊತ್ತಿಗೆ ಎಂಥ ಗಲಾಟೆ ಎದ್ದಿತೆಂದರೆ ನನಗೆ ನಮ್ಮೂರಿಗೇ ಬಂದಷ್ಟು ಸಮಾಧಾನವಾಯಿತು. ಒಬ್ಬ ಕೂಗುತ್ತಿದ್ದರೆ ಇನ್ನೊಬ್ಬ ನಗುತ್ತಾನೆ, ಮೂರನೆಯವನು ಮೊಬೈಲು ನೋಡುತ್ತಾನೆ. ತೀರಾ ಕಿರುಚಾಡಿದ ಒಬ್ಬನಿಗೆ ಸ್ಪೀಕರು ಸ್ವಲ್ಪ ಹೊತ್ತು ಆಚೆ ಇರಿ ಎಂದರು. ಅವನು ಕೋಪದಿಂದ ಎದ್ದು ದಾಪುಗಾಲು ಹಾಕಿದ. ಬಾಗಿಲ ಬಳಿ ಮಾತ್ರ ನಿಂತು, ತನ್ನನ್ನು ಹೊರಗೆ ಹಾಕಿದವರಿಗೇ ತಲೆಬಾಗಿ ಹೋದ.

ಆಮೇಲೆ ಮಸೂದೆಯ ಚರ್ಚೆ. ವಿರೋಧಿಗಳ ಕಡೆಯಿಂದ ಎದ್ದವರು ಕೆನ್ ಎಂಬ ವಯಸ್ಸಾದ ಶಾಸಕರು, ಕುರಿ ಮೇಯುವ ಒಣ ಸೀಮೆಯವರು. ಮುಖ ಬಿಸಿಲಿಗೆ ಸುಟ್ಟು ನಮ್ಮ ಹೊಸಕೋಟೆ ಕಡೆಯ ರೈತನ ಹಾಗಿತ್ತು. ತಮ್ಮ ಕ್ಷೇತ್ರದಲ್ಲಿ ಇಂಥ ಜಾಗಗಳನ್ನು ನಡೆಸುವವರು ಸಾಹುಕಾರರಲ್ಲ, ಒಬ್ಬ ವಿಧವೆ ಇದ್ದಾಳೆ, ಈ ಕಾನೂನು ಬಂದರೆ ಅವಳು ಗೇಟು ಮುಚ್ಚಬೇಕಾಗುತ್ತದೆ, ಒಬ್ಬರ ಮನೆ ಉಳಿಸಲು ಇನ್ನೊಬ್ಬರ ಜೀವನ ಕೀಳಬೇಡಿ ಎಂದು ಗಟ್ಟಿಯಾಗಿ ವಾದಿಸಿದರು. ಜೋನ್ ಪಕ್ಕದಲ್ಲಿ ಹಲ್ಲು ಕಚ್ಚಿ ಏನೋ ಗೊಣಗಿದರು. ಗಿರಿಜಾ ಅದನ್ನು ನನಗೆ ಕನ್ನಡಕ್ಕೆ ತಿರುಗಿಸಲು ಒಪ್ಪಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಗಿರಿಜಾ ನನ್ನನ್ನು ಮೂಲೆಗೆ ಕರೆದಳು. ಅವಳ ಮುಖ ಬಿಳುಚಿಕೊಂಡಿತ್ತು. ಹೆಲೆನ್ ಅವರ ಪಕ್ಷದ ಸರ್ಕಾರಕ್ಕೆ ಆ ಸಭೆಯಲ್ಲಿ ಇದ್ದದ್ದು ಒಂದೇ ಓಟಿನ ಹೆಚ್ಚಳ. ಅವರಲ್ಲೊಬ್ಬ ಹುಡುಗ ಶಾಸಕನ ತಾಯಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ಕೊನೆಗಾಲ ಬಂದು, ಅವನು ಬೆಳಗಿನ ಜಾವವೇ ಕಾರು ಹತ್ತಿದ್ದ. ಈಗ ಎರಡೂ ಕಡೆ ಸಮಸಮ. ಹಾಗಾದರೆ ಸ್ಪೀಕರು ಓಟು ಹಾಕಬೇಕು, ಸ್ಪೀಕರಾದವರು ಇದ್ದ ಕಾನೂನನ್ನು ಇದ್ದ ಹಾಗೇ ಬಿಡುವುದು ಅಲ್ಲಿಯ ರೂಢಿ. ಅಂದರೆ ಮಸೂದೆ ಬಿತ್ತು, ಜೋನ್ ಅವರ ಮನೆಯೂ ಹೋಯಿತು. ಆದರೆ ಇದಕ್ಕೂ ಅವರಲ್ಲಿ ಒಂದು ಪದ್ಧತಿಯಿದೆ. ಈ ಕಡೆಯವನೊಬ್ಬ ಕಾಯಿಲೆಗೋ ಸಾವಿಗೋ ಹೊರಗುಳಿದರೆ, ಕೇಳಿಕೊಂಡಾಗ ಆ ಕಡೆಯವನೊಬ್ಬನೂ ಓಟಿನ ಹೊತ್ತಿಗೆ ಹೊರಗೆ ಕೂರುತ್ತಾನೆ. ಇದಕ್ಕೆ ಜೋಡಿ ಕೊಡುವುದು ಎನ್ನುತ್ತಾರೆ. ಇವತ್ತು ಜೋಡಿಯಾಗಿ ಹೊರಗೆ ಕೂರಲು ಒಪ್ಪಿದವರು ಕೆನ್.

"ಬೆಳಿಗ್ಗೆ ಅಷ್ಟು ಬೈದ್ರಲ್ಲ, ಅವರೇನಾ?" ಎಂದೆ.

"ಅವರೇ ಕಣಣ್ಣ."

"ಬರ್ದು ಕೊಟ್ಟಿದ್ದಾರಾ?"

"ಇಲ್ಲ. ಹೇಳಿದ್ದಾರೆ."

"ಹೇಳಿದ್ದಾರೆ ಅಂದ್ರೆ? ಬೆಲ್ ಹೊಡೆದ ತಕ್ಷಣ ಒಳಗೆ ನುಗ್ಗಿಬಿಟ್ರೆ ಯಾರು ತಡೀತಾರೆ?"

"ಯಾರೂ ತಡೆಯಲ್ಲ. ಕಾನೂನಲ್ಲಿ ಇದೇನೂ ಇಲ್ಲ. ಮಾತು ಅಷ್ಟೇ," ಎಂದ ಗಿರಿಜಾ, ಜೋನ್‌ಗೆ ಇದನ್ನು ಹೇಳಬೇಡ, ಈ ಮನುಷ್ಯನ ಕೈಯಲ್ಲಿ ತನ್ನ ಮನೆ ಇದೆ ಅಂತ ಗೊತ್ತಾದರೆ ಅವರು ಅಲ್ಲಿ ಕೂರಲಾರರು ಎಂದು ಎಚ್ಚರಿಸಿದಳು.

ಅಂಗಳದ ಬೆಂಚು

ಮಧ್ಯಾಹ್ನ ಸಭೆ ಸೇರಿ ಎಲ್ಲರೂ ಮೌನವಾಗಿದ್ದಾಗ ನನ್ನ ಜೇಬಿನಲ್ಲಿ ನಾದಸ್ವರ ಮೊಳಗಿತು. ಊರಿನಿಂದ ಹೆಂಡತಿಯ ಫೋನು. ಹಸು ಮೇವು ಮುಟ್ಟುತ್ತಿಲ್ಲವಂತೆ. ಅದನ್ನು ನಾನು ತಿಳಿದದ್ದು ಹೊರಗೆ ಬಂದ ಮೇಲೆ, ಏಕೆಂದರೆ ಮೊದಲನೆಯ ಸುತ್ತು ಮುಗಿಯುವುದರೊಳಗೆ ಸಿಬ್ಬಂದಿಯೊಬ್ಬರು ನನ್ನ ತೋಳು ಮುಟ್ಟಿ, ಮದುವೆ ಮನೆಯಲ್ಲಿ ಹಿರಿಯರನ್ನು ಕರೆದೊಯ್ಯುವಷ್ಟು ಮರ್ಯಾದೆಯಿಂದ ಮೆಟ್ಟಿಲು ಇಳಿಸಿದ್ದರು. ಇಡೀ ಸಭೆ ತಲೆಯೆತ್ತಿ ನನ್ನನ್ನು ನೋಡಿತು. ನಾಚಿಕೆಯಿಂದ ಪೀಠಕ್ಕೆ ತಲೆಬಾಗುವುದನ್ನೂ ಮರೆತೆ.

ಕೈಚೀಲ ವಾಪಸು ಪಡೆದು, ಹಸುವಿಗೆ ಓಮಿನ ಕಷಾಯ ಕುಡಿಸಲು ಹೆಂಡತಿಗೆ ಹೇಳಿ, ಅಂಗಳಕ್ಕೆ ಬಂದೆ. ಅಲ್ಲೊಂದು ಬೆಂಚು. ಬೆಂಚಿನ ಮೇಲೆ ಕಾಗದದ ಲೋಟದಲ್ಲಿ ಚಹಾ ಹಿಡಿದು ಕೆನ್ ಕೂತಿದ್ದರು. ಅವರ ಎದುರಿಗೇ ಸಭೆಗೆ ಹೋಗುವ ಬಾಗಿಲು, ಅದೂ ತೆರೆದದ್ದು. ನಾಲ್ಕು ಹೆಜ್ಜೆ ಹಾಕಿದರೆ ಮುಗಿಯಿತು. ಕಾವಲಿಗೆ ಒಬ್ಬರೂ ಇಲ್ಲ. ನನ್ನ ನೌಕರಿಯ ರಕ್ತ ಕುದಿಯಿತು. ಇಷ್ಟು ಬೆಲೆಬಾಳುವ ಶಾಸಕರನ್ನು ಹೀಗೆ ಬಯಲಲ್ಲಿ ಬಿಡುವುದೇ?

ಹೋಗಿ ಅವರಿಗೂ ಬಾಗಿಲಿಗೂ ನಡುವೆ ಬರುವ ಹಾಗೆ ಕೂತು, ನಮಸ್ಕಾರ ಹೇಳಿ, ಕೋಡುಬಳೆ ಡಬ್ಬಿ ತೆಗೆದೆ. ಬಾಯಲ್ಲಿ ಏನಾದರೂ ಇದ್ದರೆ ಮನುಷ್ಯ ಬೇಗ ಏಳುವುದಿಲ್ಲ, ಇದು ನಮ್ಮ ರೆಸಾರ್ಟಿನಲ್ಲಿ ಕಲಿತ ವಿದ್ಯೆ. ಅವರ ಇಂಗ್ಲಿಷು ಮೂಗಿನಲ್ಲಿ ಹುಟ್ಟಿ ಅರ್ಧ ಅಲ್ಲೇ ಉಳಿಯುತ್ತಿತ್ತು. ನನಗೆ ತಿಳಿದಷ್ಟನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಕೋಡುಬಳೆಯನ್ನು ಅವರು ಬೆರಳಿಗೆ ತೊಡಿಸಿ ನೋಡಿದರು, ಆಮೇಲೆ ಕಡಿದರು, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತೆಗೆದುಕೊಂಡರು. ಕುರಿಗೆ ಏನು ಮೇವು ಎಂದು ಕೇಳಿದೆ. ಮಳೆ ಕೇಳಿದೆ. ಕೊಳವೆಬಾವಿ ಎಷ್ಟು ಆಳ ಎಂದು ಕೇಳಿದೆ. ನಮ್ಮ ಹಸುವಿನ ಹೊಟ್ಟೆಯ ವಿಚಾರ ಹೇಳಿದೆ. ಅದಕ್ಕೆ ಅವರೂ ಒಂದು ಔಷಧಿ ಹೇಳಿದರು. ಮಾತು ಚೆನ್ನಾಗಿ ಕುದುರುತ್ತಿತ್ತು.

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಒಂದು ಕಡೆಯಲ್ಲ, ಕಟ್ಟಡದ ತುಂಬ, ಪಡಸಾಲೆಯಲ್ಲಿ, ಕ್ಯಾಂಟೀನಿನಲ್ಲಿ, ಅಂಗಳದ ಗೋಡೆಯಲ್ಲಿ. ಓಟಿಗೆ ಕರೆಯುವ ಬೆಲ್ಲು. ಅದು ನಿಂತ ಕೂಡಲೇ ಸಭೆಯ ಬಾಗಿಲು ಹಾಕುತ್ತಾರೆ, ಆಮೇಲೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಎಲ್ಲೆಲ್ಲಿಂದಲೋ ಶಾಸಕರು ಓಡಿಬಂದರು. ಒಬ್ಬಾಕೆ ಕೈಯಲ್ಲಿದ್ದ ಬನ್ನನ್ನು ಕೋಟಿನ ಜೇಬಿಗೆ ತುರುಕುತ್ತ ಓಡಿದಳು.

ಕೆನ್ ಎದ್ದು ನಿಂತರು.

ನಾನೂ ಎದ್ದೆ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮುಂಚೆಯೇ ಅವರ ಕೋಟಿನ ತೋಳು ನನ್ನ ಮುಷ್ಟಿಯಲ್ಲಿತ್ತು. ಪರದೇಶದಲ್ಲಿ ಚುನಾಯಿತ ಪ್ರತಿನಿಧಿಯೊಬ್ಬರನ್ನು ಸಭೆಯ ಅಂಗಳದಲ್ಲೇ ಹಿಡಿದು ನಿಲ್ಲಿಸಿದ್ದೆ. ಅವರು ನನ್ನ ಕೈಯನ್ನು ನೋಡಿದರು, ನನ್ನ ಹಿಂದಿನ ಬಾಗಿಲನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಎಲ್ಲವೂ ಅವರಿಗೆ ಅರ್ಥವಾದದ್ದು ಮುಖದಲ್ಲೇ ಕಂಡಿತು.

"ನನ್ನನ್ನ ಕಾಯ್ತಾ ಇದ್ದೀಯೇನಪ್ಪಾ?" ಎಂದರು.

ಸುಳ್ಳು ಹೇಳಲು ನನ್ನಲ್ಲಿ ಅಷ್ಟು ಇಂಗ್ಲಿಷು ಇರಲಿಲ್ಲ. ಹೌದು ಎಂದೆ. ನನ್ನ ನೌಕರಿ, ಮುಚ್ಚಿದ ಗೇಟು, ಟವೆಲ್ಲು, ವಾಕಿಂಗ್ ಎಲ್ಲ ತೊದಲುತ್ತ ಹೇಳಿದೆ. ಬೆಲ್ಲು ಹೊಡೆಯುತ್ತಲೇ ಇತ್ತು. ಅವರು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಆ ಗೇಟಿನೊಳಗೆ ಇಡೀ ದಿನ ಶಾಸಕರೆಲ್ಲ ಏನು ಮಾಡುತ್ತಾರೆ ಎಂದು ಕೇಳಿದರು. ಇಸ್ಪೀಟು ಆಡುತ್ತಾರೆ, ಸಂಜೆ ಆಗುತ್ತಿದ್ದಂತೆ ಮನೆಯ ನೆನಪಾಗಿ ಮುದ್ದೆ ಸಾರು ಕೇಳುತ್ತಾರೆ ಎಂದೆ. "ಪಾಪ," ಎಂದು ಮೆಲ್ಲಗೆ ಕೂತರು. ಬೆಲ್ಲು ಹೊಡೆದರೆ ಕಾಲು ತಾನಾಗಿ ಎದ್ದುಬಿಡುತ್ತದೆ, ಇಷ್ಟು ವರ್ಷದ ಅಭ್ಯಾಸ, ಅದಕ್ಕೆ ಎದ್ದೆ ಎಂದರು.

ಬೆಲ್ಲು ನಿಂತಿತು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ನನ್ನ ಕೈ ಇನ್ನೂ ಅವರ ತೋಳಿನ ಮೇಲಿತ್ತು, ಬಿಟ್ಟೆ.

ಒಳಗೆ ಈಗ ಪರ ಇರುವವರು ಸ್ಪೀಕರರ ಬಲಕ್ಕೆ, ವಿರೋಧ ಇರುವವರು ಎಡಕ್ಕೆ ಹೋಗಿ ಕೂರುತ್ತಾರೆ, ಎರಡೂ ಕಡೆಯವರು ತಲೆ ಎಣಿಸುತ್ತಾರೆ ಎಂದು ಕೆನ್ ವಿವರಿಸಿದರು. ಆಮೇಲೆ ಸ್ವಲ್ಪ ಹೊತ್ತು ಚಹಾ ಕುಡಿದರು. ಯಾರು ಹೊರಗೆ ಕೂರುತ್ತೀರಿ ಎಂದು ತಮ್ಮ ಪಕ್ಷದವರು ಕೇಳಿದಾಗ ಕೈಯೆತ್ತಿದ್ದು ತಾವೇ ಅಂತೆ. ಅವರು ಮೊದಲ ಸಲ ಗೆದ್ದು ಬಂದ ಕಾಲದಲ್ಲಿ ಅವರ ತಂದೆ ಆಸ್ಪತ್ರೆಯಲ್ಲಿದ್ದರು. ಅವತ್ತೂ ಹೀಗೇ ಒಂದು ಬಿಗಿಯಾದ ಓಟು. ಹೊಸಬ, ಜೋಡಿ ಕೇಳಲು ಸಂಕೋಚ. ಓಟು ಹಾಕಿ ಹೊರಟರು. ತಲುಪುವುದರೊಳಗೆ ಮುಗಿದಿತ್ತು.

"ಅವತ್ತು ಯಾವುದಕ್ಕೆ ಓಟ್ ಹಾಕ್ದೆ ಅಂತ ಎಷ್ಟೋ ಸಲ ನೆನಪು ಮಾಡ್ಕೊಳ್ಳೋಕೆ ನೋಡಿದೀನಿ. ನೆನಪೇ ಬರಲ್ಲ," ಎಂದರು.

ಡಬ್ಬಿಯನ್ನು ಅವರ ಕಡೆ ಸರಿಸಿದೆ.

ಒಳಗಿನಿಂದ ಒಮ್ಮೆಲೇ ಗದ್ದಲ ಕೇಳಿಸಿತು. ಬಾಗಿಲು ತೆಗೆದ ಸಿಬ್ಬಂದಿ ಕೆನ್ ಅವರನ್ನು ನೋಡಿ ಸಣ್ಣಗೆ ತಲೆಯಾಡಿಸಿದ. ಒಂದೇ ಓಟು, ಮಸೂದೆ ಗೆದ್ದಿತ್ತು. ಕೆನ್ ಲೋಟವನ್ನು ಹಿಸುಕಿ ಕಸದ ಡಬ್ಬಕ್ಕೆ ಹಾಕಿದರು. ಅದು ಕೆಟ್ಟ ಮಸೂದೆ, ಈಗಲೂ ನನ್ನ ಅಭಿಪ್ರಾಯ ಅದೇ, ಆ ವಿಧವೆಗೆ ಇನ್ನು ನಾನೇ ಹೋಗಿ ಹೇಳಬೇಕು ಎಂದರು. ದನಿಯಲ್ಲಿ ನಿಜವಾದ ನೋವಿತ್ತು.

ಮೆಟ್ಟಿಲಿಳಿದು ಮೊದಲು ಬಂದವರು ಜೋನ್. ಊರುಗೋಲು ಊರಿದ್ದಕ್ಕಿಂತ ಬೀಸಿದ್ದೇ ಹೆಚ್ಚು. ಹಿಂದೆ ಗಿರಿಜಾ ಅಳುತ್ತ ನಗುತ್ತ ಬರುತ್ತಿದ್ದಳು. ಬೆಂಚಿನ ಮೇಲೆ ಕೆನ್ ಅವರನ್ನು ಕಂಡು ಜೋನ್ ನಿಂತರು.

"ನಿಮ್ಮ ಓಟಿಲ್ಲದೇನೇ ಗೆದ್ವಿ," ಎಂದರು.

"ಹೌದಮ್ಮ, ಗೆದ್ರಿ," ಎಂದು ಕೆನ್ ಟೋಪಿ ತೆಗೆದು ಹಾಕಿಕೊಂಡರು.

ನನ್ನ ಬಾಯಿ ತೆರೆಯಿತು. ಕೆನ್ ನನ್ನ ಕಡೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದರು. ಮುಚ್ಚಿಕೊಂಡೆ.

ಟ್ರಾಮು ನಿಲ್ದಾಣ

ಕಾರು ಹತ್ತಿ ಹೊರಟೆವು. ಗೆದ್ದದ್ದು ಕೆಳಮನೆಯಲ್ಲಿ ಮಾತ್ರ, ಇನ್ನು ಮೇಲ್ಮನೆ ಇದೆ, ಅಲ್ಲಿ ಕಷ್ಟ ಕಡಿಮೆ ಎಂದು ಗಿರಿಜಾ ಹೇಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಜೋನ್ ಹುಡುಗಿಯ ಹಾಗೆ ಆಗಿಹೋಗಿದ್ದರು. ಜಗಲಿಗೆ ಬಣ್ಣ ಹೊಡೆಸಬೇಕು, ಯಾವ ಬಣ್ಣ ಎಂದು ನನ್ನನ್ನು ಕೇಳಿದರು. ನಡುನಡುವೆ ಕೆನ್ ಅವರನ್ನು ಬೈಯುತ್ತಿದ್ದರು. ಓಟಿನ ಹೊತ್ತಿಗೆ ಒಳಗೆ ಬರಲೂ ಆ ಮನುಷ್ಯನಿಗೆ ಮುಖವಿರಲಿಲ್ಲ, ಹೊರಗೆ ಕೂತು ತಿಂಡಿ ತಿನ್ನುತ್ತಿದ್ದ ಎಂದರು.

ಇದು ನನ್ನಿಂದ ತಡೆಯಲಾಗಲಿಲ್ಲ. ತಿಂಡಿ ಕೊಟ್ಟವನು ನಾನು. ಕನ್ನಡದಲ್ಲಿ ಗಿರಿಜಳಿಗೆ ಅಂಗಳದ ಕತೆಯನ್ನೆಲ್ಲ ಹೇಳಿದೆ, ತೋಳು ಹಿಡಿದದ್ದೂ ಸೇರಿ. ಅವಳು ಕಾರು ಓಡಿಸುತ್ತಲೇ ಹಣೆ ಚಚ್ಚಿಕೊಂಡಳು. ಕೆನ್ ಅವರ ತಂದೆಯ ವಿಚಾರ ಬಂದಾಗ ಆ ಕೈಯನ್ನು ಸ್ಟೀರಿಂಗಿಗೆ ವಾಪಸು ತಂದಳು. ಹೆಸರು ಮಾತ್ರ ಕಿವಿಗೆ ಬಿದ್ದ ಜೋನ್, ನಿನ್ನಣ್ಣ ಆ ಕೆನ್ ಬಗ್ಗೆ ಏನು ಹೇಳುತ್ತಿದ್ದಾನೆ ಎಂದು ಪಟ್ಟು ಹಿಡಿದರು. ಗಿರಿಜಾ ಒಂದೆರಡು ತಿರುವು ತಪ್ಪಿಸಿಕೊಂಡು ನೋಡಿದಳು, ಕೊನೆಗೆ ಹೇಳಿಬಿಟ್ಟಳು: ಹೊರಟುಹೋದ ಹುಡುಗ, ಅವನ ತಾಯಿ, ಸಮಸಮವಾದ ಓಟು, ಆ ಮನುಷ್ಯ ಒಳಗೆ ಕಾಲಿಟ್ಟಿದ್ದರೆ ಏನಾಗುತ್ತಿತ್ತು ಎಂಬುದು, ಎಲ್ಲ.

ಸಿಗ್ನಲ್ಲಿನಲ್ಲಿ ನಿಂತಾಗ ತಿರುಗಿ ನೋಡಿದೆ. ಜೋನ್ ಮುಖ ಕಿಟಕಿಯ ಕಡೆಗಿತ್ತು.

"ಗಿರಿಜಾ, ಗಾಡಿ ತಿರುಗಿಸು," ಎಂದರು.

ನಾವು ವಾಪಸು ಹೋಗುವ ಹೊತ್ತಿಗೆ ಸಭೆ ಮುಗಿದು ಬಾಗಿಲು ಹಾಕಿತ್ತು. ಗೇಟಿನ ಕೆಳಗೆ ಟ್ರಾಮು ನಿಲ್ದಾಣದ ಬೆಂಚಿನ ಮೇಲೆ, ಪಕ್ಕದಲ್ಲಿ ಚೀಲ ಇಟ್ಟುಕೊಂಡು, ಕೆನ್ ಒಬ್ಬರೇ ಕೂತಿದ್ದರು. ಕಾರಿಲ್ಲ, ಹಿಂದೆ ಮುಂದೆ ಬೆಂಬಲಿಗರಿಲ್ಲ. ಜೋನ್ ನನ್ನ ಕೈ ಹಿಡಿದು ಇಳಿದರು. ರಸ್ತೆ ದಾಟಿಸಿ ಬೆಂಚಿನ ತನಕ ಕರೆದುಕೊಂಡು ಹೋದೆ. ಕೆನ್ ನನ್ನನ್ನು ನೋಡಿದ ನೋಟದಲ್ಲೇ ನಾನು ಬಾಯಿ ಬಿಟ್ಟದ್ದು ಅವರಿಗೆ ತಿಳಿದುಹೋಯಿತು.

"ಬೆಳಿಗ್ಗೆ ನೀವು ಆಡಿದ್ದೆಲ್ಲ ತಪ್ಪು," ಎಂದರು ಜೋನ್.

"ನಂಗೆ ಹಾಗನ್ನಿಸಲ್ಲ," ಎಂದರು ಕೆನ್.

ಜೋನ್ ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ನಿಂತರು. ಬಂದದ್ದು ಧನ್ಯವಾದ ಹೇಳಲು, ಬಾಯಿಂದ ಹೊರಟದ್ದು ಬೇರೆ ಮಾತು.

"ಆ ಹುಡುಗ ಅವರಮ್ಮನ ಹತ್ರ ತಲುಪಿದ್ನಾ?" ಎಂದು ಕೇಳಿದರು.

ಕೆನ್ ಜೇಬಿನಿಂದ ಮೊಬೈಲು ತೆಗೆದು, ಕನ್ನಡಕವಿಲ್ಲದ್ದರಿಂದ ಕೈ ಉದ್ದ ಚಾಚಿ, ಹುಡುಗ ಕಳಿಸಿದ್ದನ್ನು ಇನ್ನೊಮ್ಮೆ ಓದಿಕೊಂಡರು.

"ತಲುಪಿದ್ದಾನೆ. ಅವರಮ್ಮ ಗುರುತು ಹಿಡಿದ್ರಂತೆ."

ಕೆನ್ ಚೀಲವನ್ನು ಎತ್ತಿ ನೆಲಕ್ಕಿಟ್ಟರು. ಜೋನ್ ಆ ಜಾಗದಲ್ಲಿ ಕೂತರು. ಟ್ರಾಮು ಬಂತು, ಬಾಗಿಲು ತೆಗೆದು ನಿಂತಿತು, ಹೊರಟುಹೋಯಿತು. ಇಬ್ಬರೂ ಏಳಲಿಲ್ಲ.